ಕೊಡಗಿನ ಬಡ ಪ್ರೌಢಶಾಲಾ ಮಕ್ಕಳಿಗೆ ಉಚಿತ ಬೇಸಿಗೆ ವೈದ್ಯವಿಜ್ಞಾನ ಶಿಬಿರ: ನಡೆಸುವವರಿಗೊಂದು ಸಮಗ್ರ ಮಾರ್ಗದರ್ಶಿ

ಬಡ ಕುಟುಂಬದ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ವೈದ್ಯವಿಜ್ಞಾನವನ್ನು ಉಚಿತವಾಗಿ ಕಲಿಸುವ ಕಾರ್ಯಕ್ರಮಗಳಿಗೆ ಕೆಲವು ದಶಕಗಳ ಇತಿಹಾಸವಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು ಕ್ಯಾಲಿಫೋರ್ನಿಯಾದ ಕಡಿಮೆ ಆದಾಯದ ಕುಟುಂಬಗಳ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ 1980ರ ದಶಕದ ಕೊನೆಯಲ್ಲಿ ಆರಂಭಿಸಿದ ಕಾರ್ಯಕ್ರಮ ಇವುಗಳಲ್ಲಿ ಹೆಸರುವಾಸಿಯಾದದ್ದು. ವೈದ್ಯಕೀಯಕ್ಕೆ ಸಂಬಂಧಿಸದಿದ್ದರೂ ನಮ್ಮ ಇಸ್ರೋ 2019ರಿಂದ ನಡೆಸುತ್ತಿರುವ ಯುವಿಕಾ ಶಿಬಿರ ಅದೇ ಜಾತಿಯದು; ಅಲ್ಲಿ 9ನೇ ತರಗತಿಯ ಮಕ್ಕಳ ಪ್ರಯಾಣ, ವಸತಿ, ಊಟಗಳ ವೆಚ್ಚವನ್ನು ಸಂಸ್ಥೆಯೇ ಭರಿಸುತ್ತದೆ ಮತ್ತು ಆಯ್ಕೆಯಲ್ಲಿ ಗ್ರಾಮೀಣ ಶಾಲೆಯ ಮಕ್ಕಳಿಗೆ ಹೆಚ್ಚುವರಿ ಪ್ರಾಶಸ್ತ್ಯವಿದೆ. ಕೊಡಗಿನಲ್ಲಿ 2016ರಿಂದ ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ಅಂದರೆ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಕೆಲಸ ಮಾಡುತ್ತಿದೆ. ಆದರೆ ಮಾಲ್ದಾರೆಯ ಲೈನ್ ಮನೆಯಲ್ಲೋ (ತೋಟದ ಕೂಲಿಯವರ ಸಾಲುಮನೆ) ತಿತಿಮತಿಯ ಹಾಡಿಯಲ್ಲೋ (ಬುಡಕಟ್ಟು ಜನರ ಪುಟ್ಟ ಊರು) ಬೆಳೆಯುವ ಮಗುವೊಂದು ಆ ಕಟ್ಟಡದೊಳಗೆ ಕಾಲಿಡುವುದು ಸಾಮಾನ್ಯವಾಗಿ ರೋಗಿಯ ಜೊತೆಗಾರನಾಗಿ ಮಾತ್ರ.

ಇಂತಹ ಶಿಬಿರವನ್ನು ಜಿಲ್ಲೆಯಲ್ಲಿ ನಡೆಸಬಯಸುವ ಶಿಕ್ಷಕರು, ವೈದ್ಯರು, ಸಂಘಸಂಸ್ಥೆಗಳು ಮತ್ತು ಹಳೆಯ ವಿದ್ಯಾರ್ಥಿಗಳಿಗಾಗಿ ಈ ಬರಹ. ಇಪ್ಪತ್ತನಾಲ್ಕು ಮಕ್ಕಳ, ಹತ್ತು ದಿನಗಳ ವಸತಿ ಶಿಬಿರವೊಂದನ್ನು ಮಾದರಿಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಆರಂಭದಲ್ಲೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳ್ಳೆಯದು: ಶುಲ್ಕವಿಲ್ಲ ಎಂದು ಪ್ರಕಟಣೆಯಲ್ಲಿ ಬರೆದ ಮಾತ್ರಕ್ಕೆ ಶಿಬಿರ ಉಚಿತವಾಗುವುದಿಲ್ಲ. ಬಸ್ಸಿನ ದುಡ್ಡು, ಹೊಸ ಚಪ್ಪಲಿ, ಹೊದಿಕೆ, ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ, ಇವೆಲ್ಲಕ್ಕೂ ಉತ್ತರ ಸಿಕ್ಕ ಮೇಲಷ್ಟೇ ಬಡ ಮಗು ಮನೆಯಿಂದ ಹೊರಡಲು ಸಾಧ್ಯ.

ಮೊದಲ ಹೆಜ್ಜೆ: ಕಾಲ ಮತ್ತು ತರಗತಿಯ ನಿರ್ಧಾರ

ರಾಜ್ಯದ ಪ್ರೌಢಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆಯಿರುತ್ತದೆ. ಕಾಫಿ ಕೊಯ್ಲು ಅಷ್ಟರಲ್ಲಿ ಮುಗಿದಿರುತ್ತದೆಯಾದರೂ ಕೆಲವೆಡೆ ಕರಿಮೆಣಸು ಕೊಯ್ಯುವ ಕೆಲಸ ಏಪ್ರಿಲ್‌ಗೂ ಚಾಚಿಕೊಳ್ಳುತ್ತದೆ, ದೊಡ್ಡ ಮಕ್ಕಳು ಮನೆಯವರ ಜೊತೆ ಅದಕ್ಕೂ ಹೋಗುತ್ತಾರೆ. ಜೂನ್ ಹತ್ತಿರವಾದಂತೆ ಮಳೆ, ರಸ್ತೆ, ವಿದ್ಯುತ್ತು ಮೂರನ್ನೂ ನಂಬುವಂತಿಲ್ಲ. ಹೀಗಾಗಿ ಏಪ್ರಿಲ್ ಕೊನೆಯ ವಾರದಿಂದ ಮೇ ಎರಡನೇ ವಾರದೊಳಗಿನ ಹತ್ತು ದಿನಗಳು ಅನುಕೂಲ. ಆದರೆ ಇದೇ ಅವಧಿ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬವಾದ ‘ಹಾಕಿ ನಮ್ಮೆ’ಯ ಕಾಲ, ಮದುವೆಗಳ ಕಾಲವೂ ಹೌದು. ಬರುತ್ತೇವೆಂದು ಮಾತು ಕೊಟ್ಟ ವೈದ್ಯರು ಮೈದಾನದಲ್ಲಿರುತ್ತಾರೆ, ಅಡುಗೆಯವರು ಮತ್ತು ವ್ಯಾನುಗಳು ಮದುವೆ ಮನೆಗಳಲ್ಲಿರುತ್ತವೆ. ಜನವರಿಯಲ್ಲೇ ದಿನಾಂಕ ಗೊತ್ತುಮಾಡಿ ಮೂವರಿಗೂ ತಿಳಿಸಿದರೆ ಈ ತೊಂದರೆ ತಪ್ಪುತ್ತದೆ.

ಯಾವ ತರಗತಿಯ ಮಕ್ಕಳು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: 9ನೇ ತರಗತಿ ಮುಗಿಸಿ 10ಕ್ಕೆ ಹೋಗುವವರನ್ನು ತೆಗೆದುಕೊಳ್ಳಬೇಕು. ಎಸ್‌ಎಸ್‌ಎಲ್‌ಸಿ ಬರೆದ ಮಕ್ಕಳಿಗೆ ಪಿಯುಸಿ ವಿಷಯದ ಆಯ್ಕೆ ಕಣ್ಣೆದುರೇ ಇರುವುದರಿಂದ ಅವರೇ ಸೂಕ್ತವೆಂದು ವಾದಿಸುವವರಿದ್ದಾರೆ. ಆದರೆ ಗಣಿತ ಮತ್ತು ವಿಜ್ಞಾನದಲ್ಲಿ ಹಿಂದುಳಿದ ಮಗುವಿಗೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ, ಅದರ ಹಳೆಯ ಶಾಲೆಯೊಂದಿಗಿನ ನಂಟೂ ಕಡಿದಿರುತ್ತದೆ. 9 ಮುಗಿಸಿದವರಿಗೆ ಇನ್ನೊಂದು ವರ್ಷ ಕೈಯಲ್ಲಿರುತ್ತದೆ, ಶಿಬಿರದ ನಂತರ ಅವರನ್ನು ವಿಚಾರಿಸಿಕೊಳ್ಳಲು ಒಬ್ಬ ಶಿಕ್ಷಕರೂ ಇರುತ್ತಾರೆ. ಕೆಲವು ಶಾಲೆಗಳಲ್ಲಿ 10ನೇ ತರಗತಿಯ ವಿಶೇಷ ತರಗತಿಗಳು ರಜೆಯಲ್ಲೇ ಆರಂಭವಾಗುತ್ತವೆ. ಮುಖ್ಯೋಪಾಧ್ಯಾಯರೊಡನೆ ಇದನ್ನು ಮೊದಲೇ ಮಾತನಾಡಿಕೊಳ್ಳಬೇಕು.

ಎರಡನೇ ಹೆಜ್ಜೆ: ಅನುಮತಿ, ಸ್ಥಳ, ಹಣ

ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ ಮತ್ತು ವೈದ್ಯಕೀಯ ಕಾಲೇಜಿನ ನಿರ್ದೇಶಕರಿಗೆ ಪ್ರತ್ಯೇಕ ಪತ್ರಗಳನ್ನು ಕೊಟ್ಟು ಸ್ವೀಕೃತಿ ಪಡೆಯಬೇಕು. ಹಾಡಿಯ ಮಕ್ಕಳಿರುವುದರಿಂದ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಗೂ ಒಂದು ಪ್ರತಿ ಹೋಗಲಿ. ಬುಡಕಟ್ಟು ಮಕ್ಕಳ ವಸತಿ ಶಾಲೆಗಳಾದ ಆಶ್ರಮ ಶಾಲೆಗಳ ಮಾಹಿತಿ ಅಲ್ಲಿಂದ ದೊರೆಯುತ್ತದೆ. ಕಾಲೇಜಿಗೆ ಬರೆಯುವ ಪತ್ರದಲ್ಲಿ ‘ಸಹಕಾರ ನೀಡಿ’ ಎಂದು ಸಾಮಾನ್ಯವಾಗಿ ಕೇಳದೆ, ಅಂಗರಚನಾಶಾಸ್ತ್ರ ವಿಭಾಗದ ಸಂಗ್ರಹಾಲಯಕ್ಕೆ ಅರ್ಧ ದಿನ, ಪ್ರಯೋಗಾಲಯಕ್ಕೆ ಎರಡು ಗಂಟೆ, ಮಕ್ಕಳೊಂದಿಗೆ ಉಳಿಯಲು ಆರು ಮಂದಿ ಎಂಬಿಬಿಎಸ್ ಅಥವಾ ನರ್ಸಿಂಗ್ ವಿದ್ಯಾರ್ಥಿಗಳು ಎಂದು ನಿರ್ದಿಷ್ಟವಾಗಿ ಕೇಳಿದರೆ ಉತ್ತರ ಬೇಗ ಬರುತ್ತದೆ. ಶವವಿಚ್ಛೇದನ ಕೊಠಡಿಯನ್ನು ತೋರಿಸಬೇಕೆಂದು ಒತ್ತಾಯಿಸುವುದು ಬೇಡ. ಹದಿನಾಲ್ಕು ವರ್ಷದ ಮಗುವಿಗೆ ಸಂಗ್ರಹಾಲಯದ ಗಾಜಿನ ಪಾತ್ರೆಯಲ್ಲಿರುವ ಶ್ವಾಸಕೋಶವೇ ಸಾಕಷ್ಟು ಹೇಳುತ್ತದೆ.

ಹಗಲಿನ ಶಿಬಿರಕ್ಕಿಂತ ವಸತಿ ಶಿಬಿರವನ್ನೇ ನಾನು ಶಿಫಾರಸು ಮಾಡಲು ಕಾರಣ ಆನೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯ ತೋಟದ ರಸ್ತೆಗಳಲ್ಲಿ ಬೆಳಗಿನ ಜಾವ ಮತ್ತು ಸಂಜೆ ಮಕ್ಕಳು ನಡೆದು ಬಸ್ಸು ಹಿಡಿಯುವುದು ಅಪಾಯಕರ. ಹಗಲಿನ ಶಿಬಿರವಾದರೆ ಪಟ್ಟಣದ ಮಕ್ಕಳೇ ತುಂಬಿಕೊಳ್ಳುತ್ತಾರೆ. ರಜೆಯಲ್ಲಿ ಖಾಲಿಯಾಗುವ ಸರ್ಕಾರಿ ವಿದ್ಯಾರ್ಥಿನಿಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಂತಹ ಕಟ್ಟಡಗಳನ್ನು ಸಂಬಂಧಪಟ್ಟ ಇಲಾಖೆಯ ಅನುಮತಿಯಿಂದ ಪಡೆಯಬಹುದು. ನೀರು, ಶೌಚಾಲಯಗಳ ಬಾಗಿಲಿನ ಚಿಲಕ, ಹೆಣ್ಣುಮಕ್ಕಳ ಕೊಠಡಿಗೆ ಪ್ರತ್ಯೇಕ ದಾರಿ, ಇವುಗಳನ್ನು ಫೋನಿನಲ್ಲಿ ಕೇಳಿ ತಿಳಿಯದೆ ಸ್ವತಃ ಹೋಗಿ ನೋಡಬೇಕು.

ಖರ್ಚಿನಲ್ಲಿ ಊಟ ಮತ್ತು ವಾಹನದ ಪಾಲೇ ದೊಡ್ಡದು. ಕೊಡಗಿನಲ್ಲಿ ರೈಲು ಇಲ್ಲ, ಒಳರಸ್ತೆಗಳಿಗೆ ಬಸ್ಸುಗಳೂ ವಿರಳ. ಆದ್ದರಿಂದ ಪ್ರತಿ ತಾಲ್ಲೂಕಿನಿಂದ ಮಕ್ಕಳನ್ನು ಒಟ್ಟುಗೂಡಿಸಿ ತರುವ, ಮರಳಿ ಬಿಡುವ ಜೀಪಿನ ಲೆಕ್ಕವನ್ನು ಮೊದಲೇ ಬರೆಯಿರಿ. ಉಪಕರಣಗಳು ಅಷ್ಟೇನೂ ದುಬಾರಿಯಲ್ಲ: ಆರು ಸ್ಟೆತಸ್ಕೋಪ್, ಮೂರು ಬಿಪಿ ಉಪಕರಣ, ಡಿಜಿಟಲ್ ಥರ್ಮಾಮೀಟರುಗಳು, ಕೈಗವಸು, ಶಾಲೆಗಳಿಂದ ಎರವಲು ತಂದ ಎರಡು ಸೂಕ್ಷ್ಮದರ್ಶಕಗಳು ಸಾಕು. ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿ ಮನು ಪ್ರಕಾಶ್ ಅವರ ತಂಡ ರೂಪಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕವು ವಸ್ತುವನ್ನು ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ; ಪ್ರತಿ ಮಗುವಿಗೂ ಒಂದೊಂದನ್ನು ಕೊಟ್ಟು ಮನೆಗೆ ಒಯ್ಯಲು ಬಿಟ್ಟರೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಹಣವನ್ನು ನೋಂದಾಯಿತ ಟ್ರಸ್ಟಿನ ಖಾತೆಯ ಮೂಲಕವೇ ಪಡೆದು ರಸೀದಿ ಕೊಡಬೇಕು. ನೀಟ್ ತರಬೇತಿ ಕೇಂದ್ರಗಳು ಪ್ರಾಯೋಜಕರಾಗಿ ಮುಂದೆ ಬಂದರೆ ವಿನಯದಿಂದ ನಿರಾಕರಿಸುವುದೇ ಸರಿ. ಶಿಬಿರದ ಕೊನೆಯ ದಿನ ಪೋಷಕರ ಕೈಗೆ ಶುಲ್ಕದ ಪಟ್ಟಿ ಸೇರುವುದು ಆ ಸಹಾಯದ ಬೆಲೆಯಾಗಿರುತ್ತದೆ.

ಮೂರನೇ ಹೆಜ್ಜೆ: ಮಕ್ಕಳ ಆಯ್ಕೆ

ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ ಇದು. ಅಂಕಗಳ ಆಧಾರದಲ್ಲಿ ಆರಿಸಿದರೆ, ಮನೆಯಲ್ಲಿ ಓದಿಸುವವರಿರುವ ಮಕ್ಕಳೇ ಬರುತ್ತಾರೆ. ಅರ್ಜಿಯನ್ನು ಅಂತರ್ಜಾಲದಲ್ಲಿ ಮಾತ್ರ ಇಟ್ಟರೆ, ಮೊಬೈಲ್ ಸಂಕೇತ ಸಿಗುವ ಊರಿನ ಮಕ್ಕಳೇ ಬರುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಕಡ್ಡಾಯವೆಂದರೆ, ನಾಡಕಚೇರಿಗೆ ಹೋಗಲು ಒಂದು ದಿನದ ಕೂಲಿ ಬಿಡಲಾಗದ ತಂದೆಯ ಮಗು ಅಲ್ಲೇ ಉಳಿಯುತ್ತದೆ.

ಒಂದೇ ಪುಟದ ಅರ್ಜಿಯನ್ನು ಕನ್ನಡದಲ್ಲಿ ಮುದ್ರಿಸಿ ಫೆಬ್ರವರಿಯಲ್ಲಿ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳಿಗೆ, ಆಶ್ರಮ ಶಾಲೆಯಲ್ಲಿ ಓದಿ ಈಗ ಪ್ರೌಢಶಾಲೆಗೆ ಬರುತ್ತಿರುವ ಮಕ್ಕಳ ನಿಲಯಗಳಿಗೆ ಕಳುಹಿಸಬೇಕು. ಬಡತನದ ದಾಖಲೆಯಾಗಿ ಬಿಪಿಎಲ್ ಅಥವಾ ಅಂತ್ಯೋದಯ ಪಡಿತರ ಚೀಟಿಯ ಪ್ರತಿ, ಅದೂ ಇಲ್ಲವಾದರೆ ಮುಖ್ಯೋಪಾಧ್ಯಾಯರ ಎರಡು ಸಾಲಿನ ಪತ್ರ ಸಾಕು. ಅಸ್ಸಾಂ, ಜಾರ್ಖಂಡ್ ಕಡೆಯಿಂದ ತೋಟದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳ ಬಳಿ ಇಲ್ಲಿನ ಪಡಿತರ ಚೀಟಿ ಇರುವುದಿಲ್ಲ ಎಂಬುದು ನೆನಪಿರಲಿ. ಅರ್ಜಿಯಲ್ಲಿ ಎರಡು ಪ್ರಶ್ನೆಗಳಿಗೆ ಮಗು ತನ್ನ ಕೈಬರಹದಲ್ಲಿ ಉತ್ತರಿಸಲಿ: ನಿಮ್ಮ ಮನೆಯಲ್ಲೋ ಊರಿನಲ್ಲೋ ಯಾರಿಗಾದರೂ ಕಾಯಿಲೆಯಾದಾಗ ನೀವು ಗಮನಿಸಿದ್ದೇನು? ದೇಹದ ಬಗ್ಗೆ ನಿಮಗೆ ಇದುವರೆಗೂ ಉತ್ತರ ಸಿಗದ ಪ್ರಶ್ನೆ ಯಾವುದು? ಕಾಗುಣಿತದ ತಪ್ಪುಗಳನ್ನು ಲೆಕ್ಕಿಸದೆ, ಗಮನಿಸುವ ಕಣ್ಣು ಯಾರಿಗಿದೆ ಎಂಬುದನ್ನು ಮಾತ್ರ ನೋಡಬೇಕು. ಆಯ್ಕೆಯಾದವರಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳಿರಲಿ. ಒಂದು ಹಾಡಿಯಿಂದ ಒಂದೇ ಮಗುವನ್ನು ಕರೆತರಬೇಡಿ, ಇಬ್ಬರನ್ನು ಕರೆತನ್ನಿ. ಒಂಟಿಯಾಗಿ ಬಂದ ಮಗು ಎರಡನೇ ರಾತ್ರಿಯೇ ಮನೆಗೆ ಹೊರಟು ನಿಲ್ಲುವ ಸಂಭವ ಹೆಚ್ಚು.

ಪೋಷಕರ ಒಪ್ಪಿಗೆ ಪಡೆಯಲು ಶಿಕ್ಷಕರೋ ಆಶಾ ಕಾರ್ಯಕರ್ತೆಯೋ ಮನೆಗೆ ಹೋಗಬೇಕೇ ಹೊರತು ತೋಟದ ಕೆಲಸದ ಮೇಲ್ವಿಚಾರಕನಾದ ರೈಟರ್ ಮೂಲಕ ಹೇಳಿಕಳುಹಿಸುವುದು ಸಲ್ಲದು, ಏಕೆಂದರೆ ರೈಟರ್ ಹೇಳಿದ್ದಕ್ಕೆ ಕೂಲಿಯ ತಾಯಿ ಬೇಡ ಎನ್ನಲಾರಳು, ಅಂತಹ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯಲಾಗದು. ಮಲಯಾಳ, ತುಳು, ಯರವ ಅಥವಾ ಕುರುಬ ಭಾಷೆ ಬಲ್ಲವರು ಜೊತೆಗಿದ್ದರೆ ಮಾತು ಸಲೀಸು.

ನಾಲ್ಕನೇ ಹೆಜ್ಜೆ: ಮಕ್ಕಳ ಸುರಕ್ಷತೆ

ಇದರಲ್ಲಿ ರಿಯಾಯಿತಿಗೆ ಅವಕಾಶವಿಲ್ಲ. ಯಾವ ವಯಸ್ಕರೂ ಮುಚ್ಚಿದ ಕೊಠಡಿಯಲ್ಲಿ ಒಬ್ಬ ಮಗುವಿನೊಂದಿಗೆ ಒಂಟಿಯಾಗಿರುವಂತಿಲ್ಲ. ಹೆಣ್ಣುಮಕ್ಕಳ ಕಡೆ ರಾತ್ರಿಯಿಡೀ ಇಬ್ಬರು ಮಹಿಳಾ ಮೇಲ್ವಿಚಾರಕರಿರಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪ್ರತಿಯೊಬ್ಬರ ಕಾನೂನುಬದ್ಧ ಕರ್ತವ್ಯ ಎಂಬುದನ್ನು ಎಲ್ಲ ಸ್ವಯಂಸೇವಕರಿಗೂ ಮೊದಲ ಸಭೆಯಲ್ಲೇ ಓದಿ ಹೇಳಬೇಕು. ಮಕ್ಕಳ ಸಹಾಯವಾಣಿ 1098ನ್ನು ಮಕ್ಕಳಿಗೆ ಕಾಣುವಂತೆ ಗೋಡೆಗೆ ಅಂಟಿಸಬೇಕು. ನ್ಯಾಪ್ಕಿನ್‌ಗಳು ಯಾರನ್ನೂ ಕೇಳದೆ ಎತ್ತಿಕೊಳ್ಳುವಂತಹ ಜಾಗದಲ್ಲಿರಲಿ.

ಐದನೇ ಹೆಜ್ಜೆ: ಹತ್ತು ದಿನಗಳ ಪಾಠ

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ನಂತರ ಗುಡುಗು ಮಳೆ ಬಂದು ವಿದ್ಯುತ್ ಹೋಗುವುದು ಸಾಮಾನ್ಯವಾದ್ದರಿಂದ ಸೂಕ್ಷ್ಮದರ್ಶಕ, ಪರದೆ, ಪ್ರಯೋಗಾಲಯದ ಕೆಲಸಗಳನ್ನು ಬೆಳಿಗ್ಗೆ ಇಟ್ಟುಕೊಂಡು, ಚರ್ಚೆ ಮತ್ತು ಲೆಕ್ಕಗಳನ್ನು ಸಂಜೆಗೆ ಬಿಡಬೇಕು. ಭಾಷಣಗಳು ದಿನಕ್ಕೆ ಒಂದನ್ನು ಮೀರದಿರಲಿ. ಪ್ರತಿ ನಾಲ್ಕು ಮಕ್ಕಳಿಗೆ ಒಬ್ಬ ವೈದ್ಯಕೀಯ ಅಥವಾ ನರ್ಸಿಂಗ್ ವಿದ್ಯಾರ್ಥಿ ಹತ್ತೂ ದಿನ ಜೊತೆಗಿರಲಿ. ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಆ ಹಂತ ತಲುಪಿದವರು ಸಿಕ್ಕರೆ ಅವರನ್ನು ಹೇಗಾದರೂ ಒಪ್ಪಿಸಿ ಕರೆತನ್ನಿ.

ಆರಂಭ ನಾಡಿಯಿಂದ. ಮಣಿಕಟ್ಟಿನಲ್ಲಿ ನಾಡಿ ಹುಡುಕಿ ಒಂದು ನಿಮಿಷ ಎಣಿಸುವುದು, ಕಟ್ಟಡದ ಮೆಟ್ಟಿಲುಗಳನ್ನು ಹತ್ತಿಳಿದು ಮತ್ತೆ ಎಣಿಸುವುದು, ಪ್ರತಿ ನಿಮಿಷಕ್ಕೊಮ್ಮೆ ಎಣಿಸುತ್ತ ಅದು ಮೊದಲಿನ ಸ್ಥಿತಿಗೆ ಮರಳುವುದನ್ನು ನಕ್ಷೆಯಲ್ಲಿ ಬರೆಯುವುದು. ವಿಶ್ರಾಂತಿಯಲ್ಲಿ ದೊಡ್ಡವರ ನಾಡಿ ನಿಮಿಷಕ್ಕೆ 60ರಿಂದ 100ರ ನಡುವೆ ಇರುತ್ತದೆ ಎಂಬುದನ್ನು ಹೇಳುವ ಮೊದಲೇ ಇಪ್ಪತ್ತನಾಲ್ಕು ಮಕ್ಕಳ ಅಂಕಿಗಳು ಹಲಗೆಯ ಮೇಲಿರಬೇಕು. ಸರಾಸರಿ, ಮಧ್ಯಾಂಕಗಳು ಗಣಿತದ ಪುಸ್ತಕದಿಂದ ಎದ್ದು ಬರುವುದು ಆಗಲೇ.

ಎರಡನೇ ದಿನ ಹೃದಯ. ಕೊಡಗಿನಲ್ಲಿ ಹಂದಿಯ ಹೃದಯ ಸುಲಭವಾಗಿ ದೊರೆಯುತ್ತದೆ, ಗಾತ್ರದಲ್ಲೂ ರಚನೆಯಲ್ಲೂ ಅದು ಮನುಷ್ಯನ ಹೃದಯಕ್ಕೆ ಬಹಳ ಹತ್ತಿರ. ಆದರೆ ಅದನ್ನು ಮುಟ್ಟಲಾರದ ಮಕ್ಕಳೂ ಗುಂಪಿನಲ್ಲಿರುವುದರಿಂದ ಕುರಿ ಅಥವಾ ಆಡಿನ ಹೃದಯ ಮೇಲು. ಅದನ್ನೂ ಬೇಡವೆನ್ನುವವರು ಮಾದರಿಯ ಮೇಲೆ ಕಲಿಯಲಿ, ಯಾರಿಗೂ ಒತ್ತಾಯ ಬೇಡ. ಮಾಂಸದ ಅಂಗಡಿಯವರು ರೂಢಿಯಂತೆ ಹೃದಯವನ್ನು ಸೀಳಿ, ಮೇಲಿನ ನಾಳಗಳನ್ನು ಕತ್ತರಿಸಿ ಕೊಡುತ್ತಾರೆ. ನಾಳಗಳ ಸಮೇತ ಸೀಳದೆ ಇಡುವಂತೆ ಹಿಂದಿನ ದಿನವೇ ಹೇಳಬೇಕು. ಮಹಾಪಧಮನಿಯ ಬಾಯಿಗೆ ಮೇಲಿನಿಂದ ನೀರು ಸುರಿದರೆ ಕವಾಟ ಮುಚ್ಚಿಕೊಂಡು ನೀರನ್ನು ತಡೆಯುವುದು ಕಾಣುತ್ತದೆ. ಆಮೇಲೆ ಕತ್ತರಿಸಿ, ಹೃದಯದ ಕೆಳಗಿನ ಎಡ ಕೋಣೆಯಾದ ಎಡ ಕುಕ್ಷಿಯ ಗೋಡೆ ಬಲದ್ದಕ್ಕಿಂತ ಎಷ್ಟು ದಪ್ಪವಿದೆ ಎಂದು ಅಳೆಸಿ, ಏಕೆಂದು ಕೇಳಿ. ಶ್ವಾಸಕೋಶಕ್ಕೆ ರಕ್ತ ತಳ್ಳಲು ಬೇಕಾದ ಒತ್ತಡ ಕಡಿಮೆ, ಇಡೀ ದೇಹಕ್ಕೆ ತಳ್ಳಲು ಹೆಚ್ಚು ಎಂಬ ಉತ್ತರವನ್ನು ಮಕ್ಕಳೇ ತಲುಪುವವರೆಗೆ ಸುಮ್ಮನಿರುವುದು ಕಲಿಸುವವರಿಗೆ ಕಷ್ಟವಾದರೂ ಅಗತ್ಯ. ಮಧ್ಯಾಹ್ನ ಸ್ಟೆತಸ್ಕೋಪ್ ಕೊಟ್ಟರೆ, ಕೇಳಿಸುವ ಎರಡು ಶಬ್ದಗಳು ಕವಾಟಗಳು ಮುಚ್ಚುವ ಸದ್ದು ಎಂಬುದು ತಾನಾಗಿ ಹೊಂದಿಕೊಳ್ಳುತ್ತದೆ.

ಸೋಂಕಿನ ಪಾಠಕ್ಕೆ ಮಡಿಕೇರಿಯ ಎತ್ತರವೇ ಒಂದು ಪ್ರಯೋಗ. ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100ರಲ್ಲಿ ಅಲ್ಲ, ಸುಮಾರು 96 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಥರ್ಮಾಮೀಟರ್ ಹಾಳಾಗಿದೆಯೆಂದು ಮಕ್ಕಳು ವಾದಿಸುತ್ತಾರೆ, ವಾದಿಸಲಿ. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಬರೀ ಕುದಿಸದೆ, ಒತ್ತಡದ ಪಾತ್ರೆಯಲ್ಲಿ 121 ಡಿಗ್ರಿಯ ಹಬೆಯಲ್ಲಿ ಏಕೆ ಇಡುತ್ತಾರೆ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಆಸ್ಪತ್ರೆಯ ಆಟೋಕ್ಲೇವ್ ನೋಡಲು ಕರೆದೊಯ್ಯಬೇಕಾದ್ದು ಮರುದಿನ, ಆ ಪ್ರಶ್ನೆ ಹಸಿಯಾಗಿರುವಾಗ.

ಹಾವು ಕಡಿತಕ್ಕೆ ಒಂದು ಪೂರ್ಣ ದಿನ ಕೊಡಬೇಕು. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ನಮ್ಮಲ್ಲಿ ಬಳಸುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಎದುರಾಗಿ ತಯಾರಿಸಲಾಗುತ್ತದೆ. ಕೊಡಗಿನ ತೋಟಗಳಲ್ಲಿ ಕಾಣುವ ಗುಳಿಮಂಡಲಗಳ ವಿಷಕ್ಕೆ ಆ ಔಷಧ ನಾಟುವುದಿಲ್ಲ. ಔಷಧ ಎಂದರೇನು, ಅದು ಏಕೆ ನಿರ್ದಿಷ್ಟ, ಪ್ರತಿಕಾಯ ಹೇಗೆ ಕೆಲಸ ಮಾಡುತ್ತದೆ ಎಂಬ ರೋಗನಿರೋಧ ವಿಜ್ಞಾನದ ಇಡೀ ಅಧ್ಯಾಯ ಈ ಒಂದು ಸಂಗತಿಯಲ್ಲಿ ಅಡಗಿದೆ. ಕಚ್ಚಿಸಿಕೊಂಡವರ ರಕ್ತವನ್ನು ಒಣಗಿದ ಶುದ್ಧ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಓರೆ ಮಾಡಿ ಹೆಪ್ಪುಗಟ್ಟಿದೆಯೇ ಎಂದು ನೋಡುವ ಸರಳ ಪರೀಕ್ಷೆಯನ್ನು ವೈದ್ಯರೇ ವಿವರಿಸಲಿ. ಮಕ್ಕಳು ಮನೆಗೆ ಒಯ್ಯಬೇಕಾದ ತಿಳಿವಳಿಕೆ ಇಷ್ಟು: ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಕಟ್ಟಬಾರದು, ಹಾವನ್ನು ಹಿಡಿಯಲು ಹೋಗಬಾರದು, ಕಚ್ಚಿದ ಅಂಗವನ್ನು ಅಲುಗದಂತೆ ಇರಿಸಿ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಪೊನ್ನಂಪೇಟೆಯ ಅರಣ್ಯ ಕಾಲೇಜಿನಿಂದ ಹಾವುಗಳನ್ನು ಬಲ್ಲವರೊಬ್ಬರು ಬಂದರೆ ದಿನ ಇನ್ನೂ ಕಳೆಗಟ್ಟುತ್ತದೆ.

ಎರಡು ದಿನಗಳನ್ನು ಸಮೀಕ್ಷೆಗೆ ಇಡಬೇಕು. ಆರೋಗ್ಯ ಇಲಾಖೆಯ ಸಿಬ್ಬಂದಿಯೊಂದಿಗೆ ಹತ್ತಿರದ ಬಡಾವಣೆಗೆ ಹೋಗಿ ಡ್ರಮ್ಮು, ಟೈರು, ಹೂಕುಂಡಗಳಲ್ಲಿ ಈಡಿಸ್ ಸೊಳ್ಳೆಯ ಮರಿಗಳನ್ನು ಹುಡುಕುವುದು, ಮರಿ ಸಿಕ್ಕ ಮನೆಗಳ ಸಂಖ್ಯೆಯನ್ನು ನೋಡಿದ ಮನೆಗಳ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸುವುದು, ನಕ್ಷೆಯಲ್ಲಿ ಗುರುತಿಸುವುದು. ಇದು ಡೆಂಗಿ ತಡೆಗಾಗಿ ಇಲಾಖೆ ನಿಜವಾಗಿ ಬಳಸುವ ಲೆಕ್ಕ. ಲಂಡನ್ನಿನಲ್ಲಿ 1854ರಲ್ಲಿ ಜಾನ್ ಸ್ನೋ ಕಾಲರಾ ಸಾವುಗಳನ್ನು ನಕ್ಷೆಯಲ್ಲಿ ಗುರುತಿಸಿ ಬ್ರಾಡ್ ಸ್ಟ್ರೀಟಿನ ನೀರಿನ ಪಂಪನ್ನು ಪತ್ತೆಹಚ್ಚಿದ ಕಥೆಯನ್ನು ಆ ಸಂಜೆ ಹೇಳಿದರೆ ಮಕ್ಕಳು ತಾವು ಮಾಡಿದ್ದೇನೆಂದು ಗುರುತಿಸುತ್ತಾರೆ. ಮುಗಿಸುವ ಮುನ್ನ ಮರಿಗಳಿದ್ದ ನೀರನ್ನು ಮನೆಯವರ ಎದುರಿನಲ್ಲೇ ಚೆಲ್ಲಿಸುವುದನ್ನು ಮರೆಯಬಾರದು.

ಕುಡಗೋಲು ಕಣ (ಸಿಕಲ್ ಸೆಲ್) ರಕ್ತಹೀನತೆಯ ವಿಷಯದಲ್ಲಿ ಬಹಳ ಎಚ್ಚರ ಬೇಕು. ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಇದೆ, 2023ರ ಜುಲೈ 1ರಂದು ಅದರ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನವೂ ಆರಂಭವಾಗಿದೆ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ಕೆಂಪು ಕಣ ಬಾಗುವುದು, ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಂಭವವಿರುವುದು, ಇವು ಅನುವಂಶೀಯತೆ ಕಲಿಸಲು ಅತ್ಯುತ್ತಮ ಉದಾಹರಣೆಗಳು. ಆದರೆ ಶಿಬಿರದಲ್ಲಿ ಯಾವ ಮಗುವಿನ ಪರೀಕ್ಷೆಯನ್ನೂ ಮಾಡಬಾರದು, ‘ಇದು ಇಂತಹವರಿಗೆ ಬರುವ ಕಾಯಿಲೆ’ ಎಂಬ ಧಾಟಿ ತರಗತಿಯಲ್ಲಿ ಸುಳಿಯಬಾರದು. ನಾಣ್ಯ ಚಿಮ್ಮಿ ವಂಶವಾಹಿಗಳ ಹಂಚಿಕೆಯನ್ನು ತೋರಿಸಿದರೆ ಸಾಕು. ರಕ್ತದ ಗುಂಪನ್ನು ಗುರುತಿಸುವುದನ್ನೂ ಪ್ರಯೋಗಾಲಯದ ತಂತ್ರಜ್ಞರೇ ಮಾಡಿ ತೋರಿಸಲಿ. ಬಳಸಿದ ಸೂಜಿ ಚುಚ್ಚಿಹೋಗದ ಬಿಳಿ ಡಬ್ಬಿಗೆ, ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ ಹೋಗುವುದನ್ನು ಮಕ್ಕಳು ನೋಡಬೇಕು.

ಉಳಿದ ದಿನಗಳಲ್ಲಿ ಹೃದಯ ನಿಂತವರ ಎದೆ ಒತ್ತುವ ಪ್ರಥಮ ಚಿಕಿತ್ಸೆ, ಅಂದರೆ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳ. ಒಂದು ಲೀಟರ್ ಶುದ್ಧ ನೀರಿಗೆ ಅಂಚಿನ ಮಟ್ಟಕ್ಕೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಭೇದಿಯಾದಾಗ ಕೊಡುವ ಮನೆಯ ಜೀವಜಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆ ಏಕೆ ಎಂಬುದರ ವಿವರಣೆ. ವೈದ್ಯರಲ್ಲದೆ ದಾದಿ, ಔಷಧ ವಿತರಕರು, ಪ್ರಯೋಗಾಲಯ ತಂತ್ರಜ್ಞರು, ಫಿಸಿಯೋಥೆರಪಿಸ್ಟ್ ಕೂಡ ತಮ್ಮ ಓದಿನ ದಾರಿಯನ್ನು ಖರ್ಚಿನ ಸಮೇತ ಹೇಳಲಿ. ಇಪ್ಪತ್ತನಾಲ್ಕು ಮಕ್ಕಳೂ ವೈದ್ಯರಾಗುತ್ತಾರೆಂದು ವೇದಿಕೆಯಲ್ಲಿ ಘೋಷಿಸುವ ಅತಿಥಿಗಳನ್ನು ಕರೆಯದಿರುವುದು ಮೇಲು.

ಆರನೇ ಹೆಜ್ಜೆ: ಜೂನ್ ನಂತರ

ಶಿಬಿರ ಮುಗಿದ ಮೇಲೆ ಕೈಬಿಟ್ಟರೆ ಮಳೆಗಾಲ ಕಳೆಯುವಷ್ಟರಲ್ಲಿ ಎಲ್ಲವೂ ಮಸುಕಾಗುತ್ತದೆ. ಪ್ರತಿ ಮಗುವಿಗೂ ಅದರ ಗುಂಪಿನ ಜೊತೆಗಿದ್ದ ವೈದ್ಯಕೀಯ ವಿದ್ಯಾರ್ಥಿಯೇ ತಿಂಗಳಿಗೊಮ್ಮೆ, ಶಿಕ್ಷಕರ ಫೋನಿನ ಮೂಲಕ ಮಾತನಾಡುವ ಏರ್ಪಾಡಿರಲಿ. ದಸರಾ ರಜೆಯಲ್ಲಿ ಎರಡು ದಿನ ಮತ್ತೆ ಸೇರಿಸಿ ಗಣಿತ, ವಿಜ್ಞಾನದ ಕಠಿಣ ಪಾಠಗಳನ್ನು ನೋಡಿಸಬೇಕು. ಜವಾಹರ ನವೋದಯ ವಿದ್ಯಾಲಯಗಳ ಮೂಲಕ ನಡೆಯುವ, 9ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗಾಗಿರುವ ವಿಜ್ಞಾನ ಜ್ಯೋತಿ ಯೋಜನೆಯ ಬಗ್ಗೆ ಗಾಳಿಬೀಡಿನ ವಿದ್ಯಾಲಯದಲ್ಲಿ ವಿಚಾರಿಸಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಂತಹ ಪ್ರಯೋಗಾಲಯಗಳು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ (ಸಿಎಸ್‌ಐಆರ್) ಜಿಜ್ಞಾಸಾ ಯೋಜನೆಯಡಿ ಶಾಲಾ ಮಕ್ಕಳಿಗೆ ಬಾಗಿಲು ತೆರೆಯುತ್ತವೆ. ಒಂದು ದಿನದ ಭೇಟಿಗೆ ಶಾಲೆಯ ಕಡೆಯಿಂದ ಪತ್ರ ಬರೆಸಬಹುದು.

ದಾಖಲೆಗಳ ಕೆಲಸವನ್ನು 10ನೇ ತರಗತಿಯಲ್ಲೇ ಆರಂಭಿಸಬೇಕು. ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿಯಿದ್ದು, 1ರಿಂದ 10ನೇ ತರಗತಿಯವರೆಗೆ ಹಾಗೆ ಓದಿದ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕಾಗುತ್ತದೆ. ತೋಟದಿಂದ ತೋಟಕ್ಕೆ ವಲಸೆ ಹೋದ ಕುಟುಂಬದ ಮಗು ಮೂರು ನಾಲ್ಕು ಶಾಲೆಗಳಲ್ಲಿ ಓದಿರುತ್ತದೆ, ಪ್ರತಿ ಶಾಲೆಯಿಂದಲೂ ಪತ್ರ ಸಂಗ್ರಹಿಸಲು ತಿಂಗಳುಗಳೇ ಹಿಡಿಯುತ್ತವೆ. ಮುಂದೆ ನೀಟ್ ಬರೆಯುವವರಿಗೆ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಲಭ್ಯವೆಂದು, ಆದರೆ ಅರ್ಜಿ ತುಂಬುವಾಗಲೇ ಭಾಷೆಯನ್ನು ಯೋಚಿಸಿ ಆರಿಸಬೇಕೆಂದು ತಿಳಿಸಿಡಿ. ಶಿಬಿರಕ್ಕೆ ಬಂದ ಪ್ರತಿ ಮಗುವಿನ ಹೆಸರಿನಲ್ಲಿ ಒಂದು ಕಡತ ತೆರೆದು, ಈ ಪತ್ರಗಳ ಪ್ರತಿಯೊಂದನ್ನು ಅದರಲ್ಲಿಟ್ಟು, ಇನ್ನೊಂದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ ಪೋಷಕರ ಕೈಗೆ ಕೊಡಿ.